ಮೂರಕ್ಷರದ ಮನೆ

ಗೋಣೆಪ್ಪ ಮಾಸ್ತರನ ಅಕ್ಷರ ಚೆನ್ನಾಗಿದ್ದದ್ದೇ ಇಷ್ಟೆಲ್ಲ ರಾಮಾಯಣಕ್ಕೆ ಕಾರಣ. ಕಾಗೆ ಕಾಲು ಗುಬ್ಬಿ ಕಾಲು ಬರೆಯುವ ಮನುಷ್ಯನಾಗಿದ್ದರೆ ರೋಣದ ಕನ್ನಡ ಸಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತ, ರವಿವಾರ ಮಧ್ಯಾಹ್ನ ಎರಡು ತಾಸು ಮಲಗುತ್ತ ನಿಶ್ಚಿಂತೆಯಿಂದ ಇರುತ್ತಿದ್ದ. ಆದರೆ ಅವನ ಅಕ್ಷರ ಪೋಣಿಸಿದ ಮುತ್ತಿನ ಹಾಗಿತ್ತು. ಊರಿನಲ್ಲಿ ಯಾರ ಅಕ್ಷರ ಚೆನ್ನಾಗಿರುತ್ತದೆಯೋ ಅವನನ್ನು ಎಲ್ಲ ಸಂಘದವರೂ ಕಾರ್ಯದರ್ಶಿ ಮಾಡುತ್ತಾರೆ. ಅದಕ್ಕೆ ಅವನ ಒಪ್ಪಿಗೆ ಕೇಳುವ ರೂಢಿ ಇಲ್ಲ.

ಹೀಗೆ ಅವನು ‘ರೋಣ ತಾಲೂಕು ವಂಶಾವಳಿ ಮಂಡಳ’ದ ಕಾರ್ಯದರ್ಶಿಯಾದ. ಮೊದಲು ಈ ಕೆಲಸವನ್ನು ಹೇಳವರು ಮಾಡುತ್ತಿದ್ದರು. ಸುಗ್ಗಿಯ ಹೊತ್ತಿಗೆ ಹೇಳವ ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು, ಆ ಮನೆಯ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಹೇಳಿ, ಜೋಳ ಕಟ್ಟಿಸಿಕೊಂಡು ಹೋಗುತ್ತಿದ್ದ. ಐದು ವರ್ಷದಿಂದ ಅವನ ಪತ್ತೆ ಇರಲಿಲ್ಲ. ಅಷ್ಟರಲ್ಲಿ ಕನ್ನಡ ನಾಡು ಒಂದಾಯಿತು. ನಿವೃತ್ತ ತಲಾಠಿ ಹನುಮಂತಪ್ಪನವರಿಗೆ ಪೆನ್ಶನ್ ಬಂದು ಹೊತ್ತು ಹೋಗದಂತಾಗಿತ್ತು. “ರಾಜ್ಯ ಒಂದಾತು. ಇನ್ನ ಮನಿತನ ಒಂದು ಮಾಡೋಣು” ಎಂದು ಅವರು ಮಂಡಳ ಕಟ್ಟಿ ತಾವೇ ಅಧ್ಯಕ್ಷರಾದರು.

ರವಿವಾರಕ್ಕೊಮ್ಮೆ ಸ್ವಯಂಸೇವಕರು ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳಬೇಕು. ಕೇಳಲಿಕ್ಕೆ ಇದು ಸುಲಭ. ಆದರೆ ಹಗಲು ಹೊತ್ತಿನಲ್ಲಿ ಗಂಡಸರು ಹೊಲದಲ್ಲಿರುತ್ತಾರೆ. ಮನೆಯಲ್ಲಿ ಸಿಗುವವರು ಹೆಂಗಸರು. ಹೆಂಗಸರಾದವರು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಲ್ಲಿ ತೆಗೆದುಕೊಳ್ಳುವ ಹಾಗಿಲ್ಲ. ಬೇರೆ ಯಾರಾದರೂ ಆ ಹೆಸರು ಹೇಳಿದರೂ ಸೆರಗು ತಲೆಯ ಮೇಲೆ ಎಳೆದುಕೊಳ್ಳಬೇಕು. ಹಾಗಾಗಿ ಅವರು ಖೂನ, ಅಂದರೆ ಹೆಸರಿನ ಗುರುತು, ಹೇಳುತ್ತಿದ್ದರು. “ನಮ್ಮ ಮನಿಯವರ ಹೆಸರಾ? ತಲಿಮ್ಯಾಲ ಚಂದ್ರನ್ನ ಇಟಗೊಂಡಾರ ನೋಡ್ರಿ” ಎಂದು ಒಬ್ಬಾಕೆ ಅಂದರೆ ಗೋಣೆಪ್ಪ ‘ಚಂದ್ರಪ್ಪ’ ಎಂದು ದುಂಡಗೆ ಬರೆಯುತ್ತಿದ್ದ. ಮರುದಿನ ಶಿವಪ್ಪನೆಂಬವನು ಸಾಲೆಗೇ ಬಂದು, “ಮಾಸ್ತರ, ನಾ ಚಂದ್ರಪ್ಪ ಯಾವಾಗ ಆದ್ನಿ?” ಎಂದು ಹುಡುಗರೆದುರಿಗೆ ಕೇಳುತ್ತಿದ್ದ. ಮೊದಲ ತಿಂಗಳು ಒಂದು ಓಣಿಗೆ ಓಣಿಯೇ ಹೀಗೆ ಹೆಸರು ಬದಲಾಯಿಸಿಕೊಂಡಿತು.

ಮಂಡಳದ ಮಾನ ಉಳಿಸಿದವನು ಅರ್ಜುನಪ್ಪ. ಅವನು ಗಜೇಂದ್ರಗಡದ ಮಗ್ಗದ ಸೀರೆಗಳನ್ನು ಸೈಕಲ್ಲಿಗೆ ಹೇರಿಕೊಂಡು ಊರೂರು ಮಾರುತ್ತಿದ್ದ ಚೂಟಿ ಹುಡುಗ. ಹೆಂಗಸರ ಕೂಡ ವ್ಯವಹಾರ ಮಾಡಿ ಮಾಡಿ ಅವನಿಗೆ ಎಲ್ಲ ಖೂನಗಳೂ ಬಾಯಿಪಾಠವಾಗಿದ್ದವು. ಮನೆಯಾಕೆ ಅರ್ಧ ಹೇಳುವುದರೊಳಗೆ ಅವನು ಪೂರ್ತಿ ಹೆಸರು ಹೇಳುತ್ತಿದ್ದ. ಹನುಮಂತಪ್ಪನವರಿಗೆ ಅವನ ಮೇಲೆ ಭಾರಿ ಪ್ರೀತಿ. ಅವನ ಸ್ವಂತ ವಂಶಾವಳಿಯನ್ನು ತಾವೇ ತಪಾಸಣೆ ಮಾಡಿ, ‘ದೋಷವಿಲ್ಲ’ ಎಂದು ಬರೆದು ಸಹಿ ಹಾಕಿ, “ಇಂಥಾ ಮನಿತನಕ್ಕ ಕಣ್ಣು ಮುಚ್ಚಿ ಹೆಣ್ಣು ಕೊಡಬೇಕು ನೋಡ್ರಿ” ಎಂದು ತುಂಬಿದ ಸಭೆಯಲ್ಲಿ ಹೇಳಿದ್ದರು. ಗೋಣೆಪ್ಪನಿಗೂ ಅವನು ಜೀವದ ಗೆಳೆಯ.

ಇನ್ನು ಗೋಣೆಪ್ಪ ಮಂಡಳದಲ್ಲಿ ಯಾಕೆ ಉಳಿದ ಎಂಬುದನ್ನೂ ಹೇಳಿಬಿಡಬೇಕು. ಹನುಮಂತಪ್ಪನವರ ಮಗಳು ಸುಶೀಲವ್ವ. ಮುಲ್ಕಿ ಪರೀಕ್ಷೆ ಪಾಸಾದವಳು, ಸಭೆಗಳಲ್ಲಿ ಆಭಾರ ಓದುವವಳು, ಚಹಾದಲ್ಲಿ ಶುಂಠಿ ಸರಿಯಾಗಿ ಹಾಕುವವಳು. ಗೋಣೆಪ್ಪನಿಗೆ ಮೂವತ್ತೊಂದು ತುಂಬಿತ್ತು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಹೋಗಿ ಸೋದರಮಾವನ ಮನೆಯಲ್ಲಿ ಬೆಳೆದವನು. ಆ ಮಾವನೂ ಈಗ ಇರಲಿಲ್ಲ. ಮೂರು ಕಡೆ ಹೆಣ್ಣು ನೋಡಿದ್ದ. ಮೂರೂ ಕಡೆ, “ಹುಡುಗ ಚಲೋ, ಆದ್ರ ಯಾರ ಪೈಕಿ ಅಂತ ಹೇಳವರು ಯಾರೂ ಇಲ್ಲಲ್ಲ” ಎಂದು ಚಹಾ ಕುಡಿಸಿ ಕಳಿಸಿದ್ದರು. ಸುಶೀಲವ್ವನ ಮೇಲೆ ಅವನು ಜೀವವನ್ನೇ ಇಟ್ಟಿದ್ದ. ಈ ಸಂಗತಿ ಸುಶೀಲವ್ವನನ್ನು ಬಿಟ್ಟು ಇಡೀ ರೋಣಕ್ಕೆ ಗೊತ್ತಿತ್ತು, ಅಥವಾ ಅವನು ಹಾಗೆ ತಿಳಿದಿದ್ದ.

ಹನುಮಂತಪ್ಪನವರ ಮನೆತನದ ವಂಶಾವಳಿಯನ್ನು ಗೋಣೆಪ್ಪ ದೊಡ್ಡ ಬಿಳಿ ಬಟ್ಟೆಯ ಮೇಲೆ ಬರೆದಿದ್ದ. ಬಟ್ಟೆ ತಂದುಕೊಟ್ಟವನು ಅರ್ಜುನಪ್ಪ. ಒಂದೊಂದು ಹೆಸರಿಗೆ ಒಂದೊಂದು ಚೌಕದ ಮನೆ. ಎಲ್ಲಕ್ಕೂ ಕೆಳಗೆ ಸುಶೀಲವ್ವನ ಮನೆ, ಅದರ ಪಕ್ಕದಲ್ಲಿ ಅಳಿಯನಿಗಾಗಿ ಒಂದು ಖಾಲಿ ಮನೆ. ಆ ಖಾಲಿ ಮನೆಯನ್ನು ಗೋಣೆಪ್ಪ ಫೂಟಪಟ್ಟಿ ಇಟ್ಟು ಮೂರು ಸಲ ಅಳೆದು ಬರೆದಿದ್ದ. ಅದರಲ್ಲಿ ಸರಿಯಾಗಿ ಮೂರಕ್ಷರ ಹಿಡಿಸುತ್ತಿತ್ತು. ಗೋ, ಣೆ, ಪ್ಪ. ಇದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಮಂಡಳದ ವಾರ್ಷಿಕ ಸಭೆಯ ದಿನ ಬೆಳಿಗ್ಗೆ ಅವನು ಎದೆ ಗಟ್ಟಿ ಮಾಡಿಕೊಂಡು ತನ್ನ ವಂಶಾವಳಿಯನ್ನು ಹನುಮಂತಪ್ಪನವರ ಮುಂದೆ ಹಿಡಿದ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ಆ ಲೆಕ್ಕದಲ್ಲಿ ಅವನು ಗೋಣೆಪ್ಪ, ಅವನ ಅಪ್ಪ ಮಾಳಪ್ಪ, ಅಜ್ಜ ಗೋಣೆಪ್ಪ, ಅದರ ಮೇಲೆ ಮಾಳಪ್ಪ, ಮತ್ತೆ ಗೋಣೆಪ್ಪ ಎಂದು ಏಳು ತಲೆಯನ್ನೂ ತುಂಬಿಬಿಟ್ಟಿದ್ದ.

ಹನುಮಂತಪ್ಪನವರು ಚಾಳೀಸು ಏರಿಸಿ ನೋಡಿದರು. “ಮಾಸ್ತರ, ಇದು ವಂಶಾವಳಿನೋ, ಸೀರಿ ದಡಿನೋ?”

“ಅಲ್ರಿ, ಪದ್ಧತಿ ಪ್ರಕಾರ...”

“ಪದ್ಧತಿ ಇರಲಿ. ಮಂಡಳದ ಕಾರ್ಯದರ್ಶಿನ ಹಿಂಗ ಅಂದಾಜಿಗೆ ಅಪ್ಪಗೋಳನ್ನ ಬರದ್ರ ಮಂದಿ ಏನಂದಾರು? ನಿಮ್ಮ ಮನಸಿನಾಗ ಏನೈತಿ ಅಂಬೂದು ನನಗ ಗೊತ್ತೈತಿ. ನೀವು ಚಲೋ ಮನಶ್ಯಾ. ಆದ್ರ ನಾಳೆ ನರಗುಂದದವರು ಹುಡುಗಿ ನೋಡಾಕ ಬರಾವರದಾರ. ಇವತ್ತ ಸಂಜಿ ಸಭಾದೊಳಗ ನಿಮ್ಮಜ್ಜನ ಅಪ್ಪ ಯಾರು, ಯಾವೂರಾಂವ ಅಂತ ಖರೇ ಹೆಸರು ತಂದು ಕೊಡ್ರಿ. ಅದೊಂದು ಸಾಕು. ಇಲ್ಲಂದ್ರ ಕೈ ಮುಗಿದೇನು.”

ಆ ಹೆಸರು ಗೊತ್ತಿದ್ದ ಜೀವ ಈ ಭೂಮಿಯ ಮೇಲೆ ಒಂದೇ ಇತ್ತು. ಅದು ಚಿಕ್ಕನರಗುಂದದಲ್ಲಿದ್ದ ಅವನ ಅಜ್ಜಿ, ಎಂಬತ್ತೈದು ವರ್ಷದ ಕರೆವ್ವ. ಆದರೆ ಅಜ್ಜನ ಅಪ್ಪನೆಂದರೆ ಕರೆವ್ವನಿಗೆ ಮಾವ. ಗೋಣೆಪ್ಪ ಹಿಂದೆ ಮೂರು ಸಲ ಕೇಳಿ ಮೂರು ಸಲ ಬೈಸಿಕೊಂಡು ಬಂದಿದ್ದ. ಮೊಮ್ಮಗನಿಗೆ ಗಂಡನ ಹೆಸರಿದೆಯೆಂದು ಆಕೆ ಅವನನ್ನೇ ಹುಟ್ಟಿದಾಗಿನಿಂದ ‘ಹಿರ್ಯಾ’ ಎಂದು ಕರೆಯುತ್ತಿದ್ದಳು.

ಹತ್ತಿ ಹೇರಲು ಉಸ್ಮಾನಸಾಬನ ಲಾರಿ ಚಿಕ್ಕನರಗುಂದಕ್ಕೆ ಹೊರಟಿತ್ತು. ಉಸ್ಮಾನಸಾಬನೂ ಮಂಡಳದ ಸದಸ್ಯ. ಮಂಡಳದ ಎಲ್ಲ ತಿರುಗಾಟವೂ ಅವನ ಲಾರಿಯಲ್ಲೇ. ಗೋಣೆಪ್ಪ ಲಾರಿ ಹತ್ತುವಾಗ ಅರ್ಜುನಪ್ಪ ಎದುರಾದ. ವಿಷಯ ಕೇಳಿ ಅವನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಸೈಕಲ್ಲನ್ನು ಗೋಡೆಗೆ ಆನಿಸಿ, “ನಾನೂ ಬರ್ತೀನಿ ತಡೀರಿ. ಖೂನ ಒಡಿಯೂದು ನಿಮ್ಮಿಂದ ಆಗೂದಿಲ್ಲ” ಎಂದು ಹತ್ತಿಕೊಂಡ. ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ ಎಂದು ಗೋಣೆಪ್ಪನಿಗೆ ಕಣ್ಣು ತುಂಬಿ ಬಂತು.

ಕರೆವ್ವ ಕಟ್ಟೆಯ ಮೇಲೆ ಕುಳಿತು ಹತ್ತಿಯ ಕಸ ಆರಿಸುತ್ತಿದ್ದಳು.

“ಬಂದ್ಯಾ ಹಿರ್ಯಾ? ರೊಟ್ಟಿ ತಿಂತೀಯೇನು?”

“ರೊಟ್ಟಿ ಆಮ್ಯಾಲ, ಯಮ್ಮಾ. ನಿನ್ನ ಮಾವನ ಹೆಸರು ಹೇಳಬೇಕು ನೋಡು ಇವತ್ತ.”

“ಮತ್ತ ಸುರು ಮಾಡಿದ್ಯಾ? ಮಾವನ ಹೆಸರು ತಗೊಂಡ್ರ ನಾಲಿಗಿ ಉಳದೀತೇನೋ? ನೀ ಸಾಲಿ ಕಲಿಸಾಂವ ಅದಿಯೋ ಏನ ಅದಿ?”

“ನನ್ನ ಲಗ್ನದ ಮಾತೈತಿ, ಯಮ್ಮಾ! ನೀ ಹೇಳಲಿಲ್ಲಂದ್ರ ನಾ ಹಿಂಗ ಒಬ್ಬಾವನ ಮುದಕ ಆಗ್ತೀನಿ.”

ಇದನ್ನು ಹೇಳುವಾಗ ಗೋಣೆಪ್ಪನ ದನಿ ನಿಜವಾಗಿಯೂ ಒಡೆಯಿತು. ಮುದುಕಿ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. ಅರ್ಜುನಪ್ಪ ಸಮಯ ನೋಡಿ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ. “ಹೆಸರು ಬ್ಯಾಡ ಬಿಡ್ರಿ, ಯಮ್ಮಾರ. ಬರೇ ಖೂನ ಹೇಳ್ರಿ.”

ಕರೆವ್ವ ಅತ್ತಿತ್ತ ನೋಡಿದಳು. “ಗುಡಿಯಾಗ ಇರ್ತಾನ,” ಎಂದಳು ಮೆಲ್ಲಗೆ. “ಬಾಲ ಐತಿ.”

“ಹನುಮಂತಪ್ಪ!” ಎಂದ ಅರ್ಜುನಪ್ಪ.

ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು, “ಯಾವೂರಿಂದ ಬಂದವರು?” ಎಂದು ಮುಂದಿನ ಪ್ರಶ್ನೆ ಹಾಕಿಯಾಗಿತ್ತು.

“ಹೊಳಿ ದಂಡಿಯಿಂದ. ನೀರು ಬಂದು ಊರು ಮುಳುಗಿದಾಗ ಉಟ್ಟ ಅರಿವಿ ಮ್ಯಾಲ ಇಲ್ಲಿಗೆ ಬಂದ್ರಂತ.”

“ಹೊಳೆಮಣ್ಣೂರ! ಬರಕೋರಿ ಮಾಸ್ತರ!”

ಗೋಣೆಪ್ಪ ಬರೆದುಕೊಂಡ. ಅವಸರದಲ್ಲೂ ಅಕ್ಷರ ಮುತ್ತಿನ ಹಾಗೆಯೇ ಬಂತು. ಉಸ್ಮಾನಸಾಬ ಹಾರ್ನ್ ಹೊಡೆದ. “ತಡೀರೋ, ಅಲ್ಲೋ ಹಿರ್ಯಾ, ತಡೀರೋ” ಎಂದು ಮುದುಕಿ ಕೂಗುತ್ತಿದ್ದಂತೆಯೇ ಅರ್ಜುನಪ್ಪ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹತ್ತಿಯ ಅಂಡಿಗೆಗಳ ಮೇಲೆ ಕೂರಿಸಿದ.

ಅರ್ಧ ದಾರಿಯವರೆಗೆ ಗೋಣೆಪ್ಪನಷ್ಟು ಸುಖಿ ಯಾರೂ ಇರಲಿಲ್ಲ. ಹನುಮಂತಪ್ಪ, ಹೊಳೆಮಣ್ಣೂರ, ಹನುಮಂತಪ್ಪ, ಹೊಳೆಮಣ್ಣೂರ ಎಂದು ಮಗ್ಗಿಯ ಹಾಗೆ ಹೇಳಿಕೊಂಡ. ಹೇಳುತ್ತ ಹೇಳುತ್ತ ಈ ಎರಡು ಶಬ್ದಗಳನ್ನು ತಾನು ಹಿಂದೆ ಎಲ್ಲೋ ಒಟ್ಟಿಗೆ ಬರೆದ ಹಾಗನ್ನಿಸಿತು. ಕೆಂಪು ಮಸಿಯಲ್ಲಿ. ಬಿಳಿ ಬಟ್ಟೆಯ ಮೇಲೆ. ಹೋದ ತಿಂಗಳು.

ಅಧ್ಯಕ್ಷ ಹನುಮಂತಪ್ಪನವರಿಗೆ ಆ ಹೆಸರು ಬಂದದ್ದು ಅವರ ಅಜ್ಜನಿಂದ. ಆ ಅಜ್ಜ ಹೊಳೆಮಣ್ಣೂರದವನು. ತೊಂಬತ್ತು ವರ್ಷದ ಹಿಂದೆ ಮಲಪ್ರಭೆಗೆ ಮಹಾಪೂರ ಬಂದಾಗ ಒಂದು ಕರುವನ್ನು ಉಳಿಸಲು ನೀರಿಗೆ ಹಾರಿದವನು ತಿರುಗಿ ಬರಲಿಲ್ಲ. ಕರು ಬಂತು. ಅವನ ಹೆಸರಿನಲ್ಲಿ ಊರವರು ಹೊಳೆಯ ದಂಡೆಗೆ ಒಂದು ಕಲ್ಲು ನಿಲ್ಲಿಸಿದ್ದರು. ಹನುಮಂತಪ್ಪನವರು ಯಾವ ಭಾಷಣ ಮಾಡಿದರೂ ಆ ಕರುವಿನಿಂದಲೇ ಶುರು ಮಾಡುತ್ತಿದ್ದರು.

“ಅರ್ಜುನಪ್ಪ,” ಎಂದ ಗೋಣೆಪ್ಪ. “ಆ ಮನಶ್ಯಾ ಮುಳುಗಿ ಸಾಯಲಿಲ್ಲಂತಾತಲ್ಲೋ. ಈಜಿಕೊಂತ ಬಂದು ನಮ್ಮೂರಾಗ ಎರಡನೇ ಸಂಸಾರ ಹೂಡಿದ್ನಂತಾತು.”

ಅರ್ಜುನಪ್ಪ ಬೆರಳು ಮಡಿಸಿ ಎಣಿಸಿದ. “ಅಧ್ಯಕ್ಷರ ಅಪ್ಪ, ನಿಮ್ಮಜ್ಜ, ಇಬ್ಬರೂ ಅಣ್ಣತಮ್ಮ. ಅಧ್ಯಕ್ಷರು, ನಿಮ್ಮಪ್ಪ, ಅವರೂ ಅಣ್ಣತಮ್ಮ ಆದ್ರು. ಹಂಗಾರ ನೀವು ಸುಶೀ... ಅಧ್ಯಕ್ಷರ ಮಗಳಿಗೆ ಅಣ್ಣ ಆಗ್ತೀರಿ, ಮಾಸ್ತರ.” ಅವನ ಮುಖ ಸತ್ತವರ ಮನೆಗೆ ಮಾತಾಡಿಸಲು ಬಂದವನ ಮುಖದಂತೆ ಗಂಭೀರವಾಗಿತ್ತು.

“ಯಾರ ಮುಂದೂ ಬಾಯಿ ಬಿಡಬ್ಯಾಡೋ ಮಾರಾಯಾ! ಇನ್ನೊಮ್ಮೆ ಕೇಳಿ ಬರೂಣು.”

“ಮಂಡಳದ ಪ್ರತಿಜ್ಞಾ ಮರತ್ರೇನ್ರಿ? ‘ಸಿಕ್ಕ ಹೆಸರನ್ನು ಮುಚ್ಚಿಡೆನು.’ ನಿಮ್ಮ ಕೈಲೇ ಬರದದ್ದು.”

ಪ್ರತಿಜ್ಞೆ ಬರೆದದ್ದು ಅವನ ಕೈಯೇ ಹೌದು. ಅದನ್ನು ಚೌಕಟ್ಟು ಹಾಕಿಸಿ ತೂಗು ಹಾಕಿದ್ದರು ಬೇರೆ.

ರೋಣದಲ್ಲಿ ಇಳಿದು ಗೋಣೆಪ್ಪ ಮನೆಗೆ ಹೋಗಿ ಮುಖ ತೊಳೆದುಕೊಳ್ಳುವುದರೊಳಗೆ ಸುದ್ದಿ ಪೇಟೆಯನ್ನು ದಾಟಿತ್ತು. ಬಾಜೂಮನೆಯ ರೇಣುಕವ್ವ ಬಾಗಿಲಲ್ಲೇ ನಿಂತಿದ್ದಳು. “ಮಾಸ್ತರ, ತಂಗಿ ಸಿಕ್ಕಳಂತಲ್ಲ! ತಾಯಿ ತಂದಿ ಇಲ್ಲದ ಪರದೇಸಿ ಅಂತ ನಾವು ಮರಗತಿದ್ವಿ. ಬಾಯಿ ಸೀ ಮಾಡ್ರಿ.” ಬಾಯಿ ಸಿಹಿ ಮಾಡಲು ಅವಳೇ ಬೆಲ್ಲ ತಂದಿದ್ದಳು. ಅವನು ಬೇಡವೆಂದರೂ ಕೇಳದೆ ಒಂದು ಹೆರೆ ಬಾಯಿಗಿಟ್ಟಳು. ಬೀದಿಯಲ್ಲಿ ಹೊರಟರೆ ಚಹದಂಗಡಿಯ ಗೌಸುಸಾಬ ಕರೆದು, “ಭಾಳ ಚಲೋ ಆತ್ರಿ. ಹೆಂಡ್ತಿ ಯಾರಿಗರ ಸಿಗತಾಳ, ರಕ್ತಸಂಬಂಧ ಸಿಗೂದು ಕಠಿಣ” ಎಂದು ಸಮಾಧಾನ ಹೇಳಿದ.

ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಗೋಣೆಪ್ಪನಿಗೆ ಥಟ್ಟನೆ ಒಂದು ಮಾತು ಹೊಳೆಯಿತು. ಅರ್ಜುನಪ್ಪ ‘ಹನುಮಂತಪ್ಪ’ ಎಂದು ಕೂಗಿದಾಗ ಅಜ್ಜಿಯ ಸೆರಗು ಹೆಗಲ ಮೇಲೇ ಇತ್ತು. ತಲೆಯ ಮೇಲೆ ಬರಲಿಲ್ಲ! ಮಾವನ ಹೆಸರು ಕಿವಿಗೆ ಬಿದ್ದರೆ ಕರೆವ್ವನಂಥ ಹೆಂಗಸು ಸೆರಗು ಎಳೆದುಕೊಳ್ಳದೆ ಇರುತ್ತಾಳೆಯೇ? ಅವನು ಧೋತರದ ಚುಂಗು ಎತ್ತಿ ಹಿಡಿದು ಹತ್ತಿ ಬಜಾರಿಗೆ ಓಡಿದ. ಉಸ್ಮಾನಸಾಬ ಎರಡನೇ ಸುತ್ತಿಗೆ ಲಾರಿ ತಿರುಗಿಸುತ್ತಿದ್ದ.

“ಸಾಹೇಬ್ರ, ಹ್ಯಾಂಗರ ಮಾಡಿ ನಮ್ಮ ಯಮ್ಮನ್ನ ಕರಕೊಂಡು ಬರ್ರಿ. ನನ್ನ ಜೀವ ನಿಮ್ಮ ಕೈಯಾಗ ಐತಿ.”

“ಜೀವ ಲಾರ್ಯಾಗ ಹೇರೂದಿಲ್ರಿ, ಹತ್ತಿ ಹೇರತೀನಿ,” ಎಂದ ಉಸ್ಮಾನಸಾಬ. “ಮುದುಕಿನ್ನ ತರತೀನಿ, ಹೋಗ್ರಿ.”

ಸಂಜೆ ಸಾಲೆಯ ದೊಡ್ಡ ಕೋಣೆಯಲ್ಲಿ ಗ್ಯಾಸಬತ್ತಿ ಹಚ್ಚಿ ಸಭೆ ಸೇರಿತು. ಗೋಡೆಗೆ ಹನುಮಂತಪ್ಪನವರ ವಂಶಾವಳಿಯ ಬಟ್ಟೆ ತೂಗುತ್ತಿತ್ತು. ಗೋಣೆಪ್ಪ ಒಳಗೆ ಕಾಲಿಟ್ಟನೋ ಇಲ್ಲವೋ, ಹನುಮಂತಪ್ಪನವರು ಎದ್ದು ಬಂದು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. “ನನ್ನ ತಮ್ಮನ ಮಗಾ! ಕಣ್ಣ ಮುಂದ ಇದ್ರೂ ಗುರ್ತು ಹಿಡಿಲಿಲ್ಲಲ್ಲೋ!” ಆಮೇಲೆ ಕಣ್ಣೊರಸಿಕೊಂಡು, ದನಿ ಇಳಿಸಿ, “ಆದ್ರ ಆ ಕಲ್ಲಿಗೆ ಏನು ಮಾಡೂದು?” ಎಂದರು. ಕರುವಿಗಾಗಿ ಪ್ರಾಣ ಬಿಟ್ಟವನೆಂದು ಕೆತ್ತಿದ ಕಲ್ಲು ಅದು. ಅವನು ಪ್ರಾಣ ಬಿಡದೆ ಬರೀ ಹೆಂಡತಿಯನ್ನು ಬಿಟ್ಟಿದ್ದನೆಂದರೆ ಆ ಕಲ್ಲನ್ನು ಕೀಳಬೇಕೋ, ಹಾಗೇ ಇಡಬೇಕೋ ಎಂದು ಸದಸ್ಯರಲ್ಲಿ ಜೋರು ಚರ್ಚೆ ನಡೆಯಿತು. ಕರು ಬದುಕಿದ್ದು ಖರೆ ಇರುವುದರಿಂದ ಕಲ್ಲಿನಲ್ಲಿ ಕರುವಿನ ಹೆಸರನ್ನಷ್ಟೇ ಉಳಿಸಬೇಕೆಂದು ಒಬ್ಬರು ಸೂಚಿಸಿದರು.

ಅಷ್ಟರಲ್ಲಿ ಸುಶೀಲವ್ವ ತಾನಾಗಿಯೇ ಅವನ ಹತ್ತಿರ ಬಂದಳು. “ಅಣ್ಣಾ,” ಎಂದಳು. “ಈ ಸಲ ಪಂಚಮಿ ಉಂಡಿ ನಮ್ಮನ್ಯಾಗ ತಿನ್ನಬೇಕು ನೋಡ್ರಿ. ತಪ್ಪಸಬಾರದು.” ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಗೋಣೆಪ್ಪ ಹಿಂದೆಂದೂ ಕಂಡಿರಲಿಲ್ಲ. ಆ ಸಂತೋಷ ನೋಡಿ ಅವನಿಗೆ ಇನ್ನಷ್ಟು ದುಃಖವಾಯಿತು.

ಹೊರಗೆ ಲಾರಿ ನಿಂತ ಸದ್ದಾಯಿತು. ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡು, ಉಸ್ಮಾನಸಾಬನ ಕೈಹಿಡಿದು ಕರೆವ್ವ ಒಳಗೆ ಬಂದಳು. ಬಂದವಳೇ ಅರ್ಜುನಪ್ಪನನ್ನು ಹುಡುಕಿ ಬೆರಳು ತೋರಿಸಿದಳು. “ಇವನ ನೋಡ್ರಿ! ಮಾತು ಮುಗಸಾಕ ಬಿಡಲಿಲ್ಲ. ನನ್ನ ಮಾವಗ ಯಾವದೋ ಹೆಸರು ಇಟ್ಟು ಬಂದಾನ.”

“ಗುಡಿಯಾಗ ಇರ್ತಾನ, ಬಾಲ ಐತಿ ಅಂತ ನೀವ ಅಂದಿರಲ್ರಿ?” ಎಂದ ಅರ್ಜುನಪ್ಪ.

“ಅಂದೆ. ಬಾಲ ಬರೇ ಮಂಗ್ಯಾಗ ಐತೇನೋ? ಮಂಗ್ಯಾ ಎಲ್ಲ್ಯಾರ ನೇಗಲಾ ಎಳದೈತಿ?”

ಸಭೆಯವರು ಖೂನ ಕೂಡಿಸಿದರು. ಗುಡಿಯಲ್ಲಿ ಇರುವವನು, ಬಾಲ ಇರುವವನು, ನೇಗಿಲು ಎಳೆಯುವವನು. “ಬಸಪ್ಪ!” ಎಂದು ಹತ್ತು ಜನ ಒಟ್ಟಿಗೇ ಕೂಗಿದರು. ಕರೆವ್ವನ ಕೈ ಸರಕ್ಕನೆ ಮೇಲೆ ಹೋಗಿ ಸೆರಗು ಹಣೆಯವರೆಗೆ ಬಂತು. ಬೆಳಿಗ್ಗೆ ಬರೆದುಕೊಂಡಿದ್ದ ಹೆಸರನ್ನು ಗೋಣೆಪ್ಪ ಖುಷಿಯಿಂದ ಹೊಡೆದುಹಾಕಿದ.

“ಹೊಳಿ ದಂಡಿ ಅಂದ್ರ ಹೊಳೆಮಣ್ಣೂರ ಹೌದಲ್ಲ?” ಎಂದು ಹನುಮಂತಪ್ಪನವರು ಕೇಳಿದರು.

“ಹೊಳಿಗೆ ಒಂದ ದಂಡಿ ಇರತೈತೇನ್ರಿ? ಅವರು ಆಚಿ ದಂಡಿಯವರು, ಬಾದಾಮಿ ಕಡೆಯಾವರು.”

ಹೀಗೆ ಹನುಮಂತಪ್ಪನವರ ಅಜ್ಜ ಮತ್ತೆ ನೀರು ಪಾಲಾದ. ಸಭೆ ಚಪ್ಪಾಳೆ ತಟ್ಟಿತು. ಹನುಮಂತಪ್ಪನವರ ಮುಖ ಅರಳಿತು. ಅಜ್ಜ ಸತ್ತದ್ದು ಖಾತ್ರಿಯಾದ ಸಂತೋಷಕ್ಕೆ ಅವರು ಕರೆವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆಮೇಲೆ ಗೋಣೆಪ್ಪನ ಬೆನ್ನು ತಟ್ಟಿ, ಎಲ್ಲರಿಗೂ ಕೇಳುವ ಹಾಗೆ, “ಮಾಸ್ತರ, ಕೊಟ್ಟ ಮಾತು ಕೊಟ್ಟಂಗ. ನರಗುಂದದವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸತೀನಿ. ಆಭಾರ ಒಂದು ಮುಗೀಲಿ. ಆಮ್ಯಾಲ ಆ ಖಾಲಿ ಮನಿ ತುಂಬಿಬಿಡೂಣು” ಎಂದರು.

ಗೋಣೆಪ್ಪ ಮಸಿಕುಡಿಕೆಯ ಮುಚ್ಚಳ ತೆಗೆದು ಸಿದ್ಧವಾಗಿ ಇಟ್ಟುಕೊಂಡ. ಬಾಗಿಲ ಹತ್ತಿರ ಅರ್ಜುನಪ್ಪ ತಲೆ ತಗ್ಗಿಸಿ ನಿಂತಿದ್ದ. ಖೂನ ತಪ್ಪಿದ ನಾಚಿಕೆ ಇರಬೇಕು ಪಾಪ ಎಂದುಕೊಂಡ ಗೋಣೆಪ್ಪ ಅವನನ್ನು ಮನಸ್ಸಿನಲ್ಲೇ ಕ್ಷಮಿಸಿದ.

ಸುಶೀಲವ್ವ ಆಭಾರದ ಕಾಗದ ಹಿಡಿದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಕಾಗದ ಬರೆದವನು ಗೋಣೆಪ್ಪನೇ. ಅದರಲ್ಲಿ ಮೂರನೆಯ ಹೆಸರು ಅವನದು. ಈಗ ಮದುವೆ ಗೊತ್ತಾದಂತೆಯೇ ಆಯಿತು. ಇನ್ನು ಅವಳು ಆ ಹೆಸರು ಹೇಳುವುದು ಹೇಗೆ? ನಾಚಿ ನಿಲ್ಲುತ್ತಾಳೆ. ಸಭೆ ನಗುತ್ತದೆ. ಆ ಗಳಿಗೆಗಾಗಿ ಅವನು ಕಾದು ಕೂತ.

“ಲಾರಿ ಕೊಟ್ಟ ಉಸ್ಮಾನಸಾಬ ಅವರಿಗೆ,” ಎಂದು ಸುಶೀಲವ್ವ ಓದಿದಳು. “ಗ್ಯಾಸಬತ್ತಿ ಕೊಟ್ಟ ಗೌಸುಸಾಬ ಅವರಿಗೆ. ಅಕ್ಷರ ಬರೆದುಕೊಟ್ಟ ಗೋಣೆಪ್ಪ ಮಾಸ್ತರ ಅವರಿಗೆ.”

ಸಾಲೆಯಲ್ಲಿ ಹಾಜರಿ ಕರೆದಷ್ಟು ಸ್ಪಷ್ಟವಾಗಿ ಹೇಳಿದಳು. ಕೊನೆಯ ಬೆಂಚಿಗೂ ಕೇಳಿಸಿತು. ಇರಲಿ, ಇನ್ನೂ ವೀಳ್ಯ ಹಿಡಿದಿಲ್ಲವಲ್ಲ ಎಂದು ಗೋಣೆಪ್ಪ ಸಮಾಧಾನ ಮಾಡಿಕೊಂಡ.

“ಬಟ್ಟೆ ತಂದುಕೊಟ್ಟ...” ಎಂದು ಸುಶೀಲವ್ವ ನಿಂತಳು. “ಬಟ್ಟೆ ತಂದುಕೊಟ್ಟ... ಇವರಿಗೆ.”

“ಇವರಿಗೆ ಅಂದ್ರ ಯಾರಿಗೆ?” ಎಂದರು ಹನುಮಂತಪ್ಪನವರು. “ಅಕ್ಷರ ತಿಳಿವಲ್ವೇನು?”

ಈ ಮಾತನ್ನು ಮಾತ್ರ ಗೋಣೆಪ್ಪ ಸಹಿಸಲಾರ. “ತಿಳೀಲಾರದಂಥಾ ಅಕ್ಷರ ನಾ ಬರಿಯೂದಿಲ್ರಿ!” ಎಂದು ಎದ್ದು ಹೋಗಿ ಕಾಗದ ನೋಡಿದ. ಕನ್ನಡಿಯ ಹಾಗಿತ್ತು. “ಎಷ್ಟು ಚಂದ ಬರದೀನಿ ನೋಡ್ರಿ. ಅರ್ಜುನಪ್ಪ!” ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದ.

ಸುಶೀಲವ್ವನ ಕೈ ಮೇಲೆ ಹೋಯಿತು. ಸೆರಗು ತಲೆಯ ಮೇಲೆ ಬಂತು.

ಯಾರಿಗೂ ಏನೂ ತಿಳಿಯಲಿಲ್ಲ. ಆದರೆ ಎಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದ ಕರೆವ್ವನಿಗೆ ತಿಳಿಯಿತು. “ಏ ಹಿರ್ಯಾ,” ಎಂದಳು. “ಆಕಿ ಸೆರಗು ನೋಡೋ. ಯವ್ವಾ ಹುಡುಗಿ, ಹೆಸರು ಬ್ಯಾಡ. ಖೂನ ಹೇಳು ನೋಡೂಣು.”

“ಪಾಂಡವರೊಳಗ...” ಎಂದಳು ಸುಶೀಲವ್ವ, ನೆಲ ನೋಡುತ್ತ. “ನಡುಕಿನವರು.”

“ಲಗ್ನ ಆಗಿ ಎಷ್ಟು ದಿನ ಆತವಾ?” ಎಂದು ಕರೆವ್ವ ಕೇಳಿದಳು, ಜೋಳ ಬಿತ್ತಿ ಎಷ್ಟು ದಿನ ಆಯಿತು ಎಂದು ಕೇಳುವ ಹಾಗೆ.

ಬಾಗಿಲಲ್ಲಿದ್ದ ಅರ್ಜುನಪ್ಪ ಎರಡು ಹೆಜ್ಜೆ ಮುಂದೆ ಬಂದ. “ಮೂರು ವಾರ ಆತ್ರಿ. ಗದಗಿನಾಗ, ಗುಡಿಯಾಗ. ಇವರು ಹೊಲಿಗಿ ಪರೀಕ್ಷಾಕ್ಕ ಬಂದಿದ್ದರಲ್ಲ, ಅವತ್ತ. ಸುಗ್ಗಿ ಮುಗದಮ್ಯಾಲ ಹೇಳೂಣಂತ ಮಾಡಿದ್ವಿ.”

ಹನುಮಂತಪ್ಪನವರು ಕೆಂಡವಾದರು. ಮೇಜು ಗುದ್ದಿದರು. ಕಪಾಟು ತೆಗೆದು ಅರ್ಜುನಪ್ಪನ ವಂಶಾವಳಿಯನ್ನು ಹೊರಗೆಳೆದು ದೋಷ ಹುಡುಕತೊಡಗಿದರು. ಏಳು ತಲೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಅಡಿಯಲ್ಲಿ ‘ಖುದ್ದು ತಪಾಸಣೆ ಮಾಡಿದೆ, ದೋಷವಿಲ್ಲ’ ಎಂಬ ಬರಹ, ಅದರ ಕೆಳಗೆ ಸಹಿ. ಸಹಿ ಅವರದೇ.

“ಕಣ್ಣು ಮುಚ್ಚಿ ಹೆಣ್ಣು ಕೊಡಬೇಕು ಅಂತ ನೀವ ಅಂದಿದ್ರಿ,” ಎಂದು ಉಸ್ಮಾನಸಾಬ ನೆನಪು ಮಾಡಿಕೊಟ್ಟ.

“ಅಂದಿದ್ನಿ,” ಎಂದರು ಹನುಮಂತಪ್ಪನವರು, ಸಣ್ಣ ದನಿಯಲ್ಲಿ. ಮಗಳು ಅವರ ಕಾಲು ಹಿಡಿದು ಅಳುತ್ತಿದ್ದಳು. ಅವರ ಕಣ್ಣಲ್ಲೂ ನೀರಿತ್ತು. ಕೊನೆಗೆ ಮೂಗು ಒರೆಸಿಕೊಂಡು ಸುತ್ತಲೂ ನೋಡಿ, “ಮಾಸ್ತರ ಎಲ್ಲದಾರ?” ಎಂದರು. “ಮಸಿಕುಡಿಕಿ ತಗದ ಇಟ್ಟೀರಿ. ಬಂದು ಬರೀರಿ. ನಿಮ್ಮ ಅಕ್ಷರ ಚಲೋ ಅದಾವ.”

ಗೋಣೆಪ್ಪ ಎದ್ದ. ಕರೆವ್ವ ಅವನ ಕೈ ಹಿಡಿದು, “ನಿನಗ ಬ್ಯಾರೆ ಹುಡುಗಿ ನೋಡೂಣೇಳೋ ಹಿರ್ಯಾ. ಈಗ ನಿನ್ನ ಮುತ್ತಜ್ಜನ ಹೆಸರು ಊರಿಗೆಲ್ಲ ಗೊತ್ತಾತಲ್ಲ” ಎಂದಳು. ಸುಶೀಲವ್ವ ಕಣ್ಣೊರೆಸಿಕೊಳ್ಳುತ್ತ, “ಅಣ್ಣಾ ಅಂದದ್ದು ಅಂದೆ. ಪಂಚಮಿಗೆ ಬರೂದು ಮರೀಬ್ಯಾಡ್ರಿ” ಎಂದಳು.

ಲೇಖಣಿ ಅದ್ದಿ ಬರೆಯತೊಡಗಿದ. ಅಕ್ಷರ ಎಂದಿನ ಹಾಗೆ ಮುತ್ತಿನಂತೆಯೇ ಬಂತು. ಅ, ರ್ಜು, ನ ಬರೆಯುವುದರೊಳಗೆ ಮನೆ ತುಂಬಿತು. ‘ಪ್ಪ’ ಗೆರೆ ದಾಟಿ ಹೊರಗೆ ಹೋಗಿ ನಿಂತಿತು.

ಹನುಮಂತಪ್ಪನವರು ಚಾಳೀಸು ಏರಿಸಿ ಬಗ್ಗಿ ನೋಡಿದರು. “ಮನಿ ಸಣ್ಣದಾತಲ್ರಿ ಮಾಸ್ತರ. ಯಾರ ಅಳತಿಗೆ ಹಾಕಿದ್ರಿ ಇದನ್ನ?”

ಗೋಣೆಪ್ಪ ಮಸಿಯ ಮೇಲೆ ಒತ್ತುಕಾಗದ ಇಟ್ಟು ಮೆಲ್ಲಗೆ ಒತ್ತಿದ.

“ಹಿಂಗ ಅಂದಾಜಿಗೆ ಹಾಕಿದ್ನಿರಿ,” ಎಂದ.